ಬಳಸಿದ ಸಣ್ಣ ಕಾರಿನ ಪರೀಕ್ಷೆ

ಸವಣೂರು ತಾಲ್ಲೂಕಿನ ಹತ್ತಿಮತ್ತೂರಿನಂಥ ಊರಿನ ಒಕ್ಕಲು ಮನೆತನವೊಂದು ಹತ್ತಿಯನ್ನೋ ಗೋವಿನಜೋಳವನ್ನೋ ಮಾರಿ ಬಂದ ಹಣದಲ್ಲಿ ಕಾರೊಂದನ್ನು ಕೊಳ್ಳಲು ನಿಶ್ಚಯಿಸಿತೆಂದು ಭಾವಿಸೋಣ. ಹೊಸ ಕಾರಿನ ಬೆಲೆ ಕೈಗೆಟುಕದು. ಆದುದರಿಂದ ಹಾವೇರಿಯಲ್ಲಿಯೋ ಹುಬ್ಬಳ್ಳಿಯಲ್ಲಿಯೋ ಬಳಸಿದ ಗಾಡಿಯನ್ನು ಹುಡುಕಬೇಕಾಗುತ್ತದೆ. ಹಿರಿಯರಿಗೆ ಆಸ್ಪತ್ರೆಗೂ ಮದುವೆ ಮುಂಜಿಗಳಿಗೂ ಒದಗುವ ಗಾಡಿ ಬೇಕು. ತರುಣರಿಗೆ ಹೆದ್ದಾರಿಯಲ್ಲಿ ಚುರುಕಾಗಿ ಓಡುವ ಗಾಡಿ ಬೇಕು. ಈ ಎರಡು ಬಯಕೆಗಳೂ ಒಂದೆಡೆ ಕೂಡುವುದು ಸ್ವಿಫ್ಟಿನಂಥ ಸಣ್ಣ ಚುರುಕು ಕಾರಿನಲ್ಲಿ. ಹಲವು ವರ್ಷಗಳ ಉಳಿತಾಯ ಒಂದು ಮಧ್ಯಾಹ್ನದ ಮಾತುಕತೆಯಲ್ಲಿ ಕೈದಾಟಿ ಹೋಗುವ ಈ ವ್ಯವಹಾರದಲ್ಲಿ ಕೊಳ್ಳುವವನು ಸಾಮಾನ್ಯವಾಗಿ ನಂಬುವುದು ಮೂರು ಸಂಗತಿಗಳನ್ನು: ಬಣ್ಣದ ಹೊಳಪು, ಮೀಟರಿನ ಅಂಕೆ ಮತ್ತು ದಲ್ಲಾಳಿಯ ಮಾತು. ಈ ಮೂರೂ ದುರ್ಬಲವಾದ ಸಾಕ್ಷಿಗಳು. ಇವಕ್ಕಿಂತ ಬಲವಾದ ಸಾಕ್ಷ್ಯವು ಗಾಡಿಯಲ್ಲಿಯೇ ಅಡಗಿರುತ್ತದೆ. ಅದನ್ನು ಹೊರತೆಗೆಯಲು ಪ್ರೌಢಶಾಲೆಯಲ್ಲಿ ಕಲಿತ ಭೌತವಿಜ್ಞಾನವೇ ಬಹುಮಟ್ಟಿಗೆ ಸಾಕು ಎಂಬುದನ್ನು ಇಲ್ಲಿ ತೋರಿಸಲು ಯತ್ನಿಸುತ್ತೇವೆ.

ಚುರುಕುತನದ ಬೆಲೆ

ಕಾರಿನ ಚುರುಕುತನವೆಂದರೆ, ನಮ್ಮ ಜನರ ಮಾತಿನಲ್ಲಿ ‘ಪಿಕಪ್’, ವೇಗೋತ್ಕರ್ಷವಲ್ಲದೆ ಬೇರೇನೂ ಅಲ್ಲ. ಬಲವನ್ನು ದ್ರವ್ಯರಾಶಿಯಿಂದ ಭಾಗಿಸಿದರೆ ವೇಗೋತ್ಕರ್ಷವು ದೊರೆಯುತ್ತದೆಂದು ನ್ಯೂಟನ್ನನ ಎರಡನೆಯ ನಿಯಮವು ತಿಳಿಸುತ್ತದೆ. 1983ರಲ್ಲಿ ಬಂದ ಮಾರುತಿ 800 ಕಾರಿನ ಎಂಜಿನ್ನು 796 ಘನ ಸೆಂಟಿಮೀಟರಿನದು. ಅದರ ಸಾಮರ್ಥ್ಯ 40 ಅಶ್ವಶಕ್ತಿಯ ಆಸುಪಾಸು. 1993ರಲ್ಲಿ ಜೆನ್ ಬಂದಿತು. 2005ರಲ್ಲಿ ಬಂದ ಸ್ವಿಫ್ಟಿಗೆ 1.3 ಲೀಟರಿನ ಪೆಟ್ರೋಲ್ ಎಂಜಿನ್ನಿತ್ತು. 2010ರಿಂದ 1197 ಘನ ಸೆಂಟಿಮೀಟರಿನ ಎಂಜಿನ್ನು ಅದರ ಸ್ಥಾನಕ್ಕೆ ಬಂದಿತು. ಇವೆರಡರ ಸಾಮರ್ಥ್ಯವೂ 80ರಿಂದ 90 ಅಶ್ವಶಕ್ತಿ. ಗಾಡಿಯ ತೂಕವಾದರೋ ಸುಮಾರು ಒಂದು ಟನ್ನು. ಡೀಸೆಲ್ ಸ್ವಿಫ್ಟ್ 2007ರಿಂದ 2020ರವರೆಗೆ ಮಾರಾಟದಲ್ಲಿತ್ತು. ಹಗುರವಾದ ಒಡಲಿಗೆ ಬಲವಾದ ಎಂಜಿನ್ನನ್ನು ಜೋಡಿಸಿದುದೇ ಇಂಥ ಕಾರುಗಳ ಆಕರ್ಷಣೆಯ ಗುಟ್ಟು.

ಆದರೆ ಇದೇ ಗುಣವು ಬಳಸಿದ ಗಾಡಿಯನ್ನು ಕೊಳ್ಳುವವನಿಗೆ ತೊಡಕನ್ನೂ ತಂದೊಡ್ಡುತ್ತದೆ. ಚಲನಶಕ್ತಿಯು ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಒಂದು ಟನ್ ತೂಕದ ಕಾರು ಗಂಟೆಗೆ 40 ಕಿಲೋಮೀಟರಿನಂತೆ ಚಲಿಸುವಾಗ ಅದರಲ್ಲಿ ಸುಮಾರು 62,000 ಜೂಲ್ ಶಕ್ತಿ ಇರುತ್ತದೆ. 80 ಕಿಲೋಮೀಟರಿನ ವೇಗದಲ್ಲಿ ಸುಮಾರು 2,47,000 ಜೂಲ್. ವೇಗವು ಎರಡರಷ್ಟಾದರೆ ಶಕ್ತಿಯು ನಾಲ್ಕರಷ್ಟಾಯಿತು. ಬ್ರೇಕನ್ನು ಒತ್ತಿದಾಗ ಈ ಶಕ್ತಿಯ ಬಹುಪಾಲು ಬ್ರೇಕುಗಳಲ್ಲಿ ಉಷ್ಣವಾಗಿ ಮಾರ್ಪಡಬೇಕು. ಮುಕ್ಕಾಲು ಲೀಟರಿಗೂ ತುಸು ಹೆಚ್ಚು ನೀರನ್ನು ಕುದಿಯುವ ಮಟ್ಟಕ್ಕೆ ತರಲು ಸಾಕಾಗುವಷ್ಟು ಉಷ್ಣವದು! ಒಬ್ಬನು 50,000 ಕಿಲೋಮೀಟರನ್ನು ಸಮವೇಗದಲ್ಲಿ ಓಡಿಸಿರಬಹುದು. ಇನ್ನೊಬ್ಬನು ಅಷ್ಟೇ ದೂರವನ್ನು ಸಿಗ್ನಲಿನಿಂದ ಸಿಗ್ನಲಿಗೆ ನುಗ್ಗಿಸಿ, ಹಠಾತ್ತನೆ ನಿಲ್ಲಿಸಿ ಓಡಿಸಿರಬಹುದು. ಮೀಟರಿನ ಅಂಕೆ ಎರಡರಲ್ಲಿಯೂ ಒಂದೇ. ಕ್ಲಚ್ ಪ್ಲೇಟು, ಬ್ರೇಕು, ಟೈರುಗಳು ಉಂಡ ಉಷ್ಣ ಮಾತ್ರ ಒಂದೇ ಅಲ್ಲ. ಮೀಟರನ್ನು ಹಿಂದಕ್ಕೆ ತಿರುಗಿಸುವ ಮೋಸ ಹಾಗಿರಲಿ, ನಿಜವಾದ ಅಂಕೆಯೂ ಗಾಡಿ ಕ್ರಮಿಸಿದ ದೂರವನ್ನು ಹೇಳುತ್ತದೆಯೇ ಹೊರತು ಅದು ಪಟ್ಟ ಪಾಡನ್ನು ಹೇಳುವುದಿಲ್ಲ. ಆ ಪಾಡನ್ನು ಉಷ್ಣ, ಶಬ್ದ, ಹೊಗೆ ಮತ್ತು ಸವೆತಗಳಿಂದ ಓದಿಕೊಳ್ಳಬೇಕು.

ತಣ್ಣಗಿರುವಾಗಲೇ ಏಕೆ ನೋಡಬೇಕು?

ಮೊದಲನೆಯ ನಿಯಮವಿದು: ಗಾಡಿಯನ್ನು ಬೆಳಗಿನ ಹೊತ್ತು, ಎಂಜಿನ್ನು ಪೂರ್ಣವಾಗಿ ತಣ್ಣಗಿರುವಾಗ ನೋಡಬೇಕು. ನಾವು ತಲುಪುವ ಮೊದಲೇ ಎಂಜಿನ್ನನ್ನು ಚಾಲೂ ಮಾಡಿ ಬಿಸಿಯಾಗಿಸಿದ್ದರೆ ಮುಖ್ಯವಾದ ಸಾಕ್ಷ್ಯವೇ ಅಳಿಸಿಹೋಗಿರುತ್ತದೆ. ಬಾನೆಟ್ಟಿನ ಮೇಲೆ ಅಂಗೈಯನ್ನಿಟ್ಟರೆ ಇದು ಗೊತ್ತಾಗುತ್ತದೆ.

ಇದಕ್ಕೆ ಕಾರಣಗಳಿವೆ. ರಾತ್ರಿಯಿಡೀ ನಿಂತ ಎಂಜಿನ್ನಿನಲ್ಲಿ ಎಣ್ಣೆಯು ಮೇಲಿನ ಭಾಗಗಳಿಂದ ಇಳಿದು ತಳದ ತೊಟ್ಟಿಯನ್ನು ಸೇರಿರುತ್ತದೆ. ತಣ್ಣನೆಯ ಎಣ್ಣೆಯ ಸ್ನಿಗ್ಧತೆ ಹೆಚ್ಚು. ಅದು ಪುನಃ ಮೇಲೇರಲು ಕ್ಷಣಕಾಲ ಬೇಕು. ಪಿಸ್ಟನ್ನು ಸವೆದಿದ್ದರೆ, ಟೈಮಿಂಗ್ ಚೈನು ಸಡಿಲವಾಗಿದ್ದರೆ, ಆ ಕ್ಷಣದಲ್ಲಿ ಕಟಕಟ ಶಬ್ದ ಕೇಳಿಬರುತ್ತದೆ. ಬಿಸಿಯಾದ ಮೇಲೆ ಲೋಹಗಳು ಹಿಗ್ಗಿ ಸಂದುಗಳು ಕಿರಿದಾಗುತ್ತವೆ, ಎಣ್ಣೆ ಎಲ್ಲೆಡೆ ಹರಡುತ್ತದೆ, ಶಬ್ದವು ಅಡಗುತ್ತದೆ. ವಾಲ್ವುಗಳ ಸೀಲು ಹಾಳಾಗಿದ್ದರೆ ರಾತ್ರಿ ಜಿನುಗಿದ ಎಣ್ಣೆಯು ಮೊದಲ ಚಾಲನೆಯಲ್ಲಿ ಸುಟ್ಟು ನೀಲಿ ಹೊಗೆಯಾಗಿ ಹೊರಬಂದು, ಸ್ವಲ್ಪ ಹೊತ್ತಿಗೆ ಮಾಯವಾಗುತ್ತದೆ. ಬ್ಯಾಟರಿಯ ನಿಜವಾದ ಶಕ್ತಿ ತಿಳಿಯುವುದೂ ಈ ಮೊದಲ ಚಾಲನೆಯಲ್ಲಿಯೇ.

ಬೀಗದ ಕೈಯನ್ನು ತಿರುಗಿಸಿ, ಎಂಜಿನ್ನನ್ನು ಚಾಲೂ ಮಾಡುವ ಮುನ್ನ ಮುಂಭಾಗದ ದೀಪಗಳನ್ನು ಗಮನಿಸಬೇಕು. ಎಣ್ಣೆಯ ದೀಪ, ಎಂಜಿನ್ ಚಿತ್ರದ ದೀಪ, ಗಾಳಿಚೀಲದ ದೀಪ ಇವೆಲ್ಲವೂ ಮೊದಲು ಬೆಳಗಿ ಅನಂತರ ಆರಬೇಕು. ಆರದ ದೀಪವು ದೋಷವನ್ನು ಸೂಚಿಸುತ್ತದೆ. ಬೆಳಗದೇ ಇರುವ ದೀಪವು ಅದಕ್ಕಿಂತ ಹೆಚ್ಚು ಸಂಶಯಕ್ಕೆ ಎಡೆಮಾಡುತ್ತದೆ. ದೋಷವನ್ನು ಮರೆಮಾಚಲು ಅದರ ಸಂಪರ್ಕವನ್ನೇ ಕಡಿದಿರಬಹುದು.

ಹೊಗೆಯ ಬಣ್ಣ

ಸೈಲೆನ್ಸರಿನ ಬಾಯಿಂದ ಬರುವ ಹೊಗೆಯು ಸಿಲಿಂಡರುಗಳೊಳಗೆ ಏನು ಉರಿಯುತ್ತಿದೆ ಎಂಬುದರ ವರದಿ. ಪೆಟ್ರೋಲಿನಲ್ಲಿ ಜಲಜನಕವಿರುವುದರಿಂದ ಅದು ಉರಿದಾಗ ನೀರಿನ ಆವಿ ಉಂಟಾಗುತ್ತದೆ. ಚಳಿಯ ಬೆಳಗಿನಲ್ಲಿ ತೆಳುವಾದ ಬಿಳಿ ಆವಿ ಕಂಡು, ಎಂಜಿನ್ನು ಬಿಸಿಯಾದೊಡನೆ ನಿಂತರೆ ಚಿಂತೆಗೆ ಕಾರಣವಿಲ್ಲ. ಬಿಸಿಯಾದ ಮೇಲೂ ದಟ್ಟವಾದ ಬಿಳಿ ಹೊಗೆ, ಸಿಹಿವಾಸನೆಯೊಡನೆ, ಬರುತ್ತಲೇ ಇದ್ದರೆ ತಂಪುದ್ರವವು ಸಿಲಿಂಡರನ್ನು ಸೇರುತ್ತಿದೆಯೆಂದರ್ಥ. ಹೆಡ್ ಗ್ಯಾಸ್ಕೆಟ್ ಸೋರುತ್ತಿರಬಹುದು. ನೀಲಿ ಹೊಗೆಯು ಎಣ್ಣೆ ಸುಡುವುದರ ಗುರುತು. ಅದು ಮೊದಲ ಚಾಲನೆಯಲ್ಲಿ ಮಾತ್ರ ಕಂಡರೆ ವಾಲ್ವಿನ ಸೀಲನ್ನೂ, ಎಂಜಿನ್ನಿನ ಮೇಲೆ ಭಾರ ಬಿದ್ದಾಗಲೆಲ್ಲ ಕಂಡರೆ ಪಿಸ್ಟನ್ ರಿಂಗುಗಳನ್ನೂ ಶಂಕಿಸಬೇಕು. ಕಪ್ಪು ಹೊಗೆಯೆಂದರೆ ಇಂಧನಕ್ಕೆ ಸಾಕಷ್ಟು ಗಾಳಿ ದೊರೆಯುತ್ತಿಲ್ಲ. ಪೆಟ್ರೋಲ್ ಗಾಡಿಯಲ್ಲಿ ಇದು ಸಂವೇದಕವೊಂದರ ದೋಷವಾಗಿರಬಹುದು. ಡೀಸೆಲ್ ಗಾಡಿಯಲ್ಲಿ ಇಂಜೆಕ್ಟರು, ಟರ್ಬೊ ಅಥವಾ ಗಾಳಿಯ ಸೋಸುಕವನ್ನು ನೋಡಬೇಕು.

ಎಣ್ಣೆ ತುಂಬುವ ಮುಚ್ಚಳದ ಒಳಮೈಯನ್ನೂ ನೋಡಬೇಕು. ಅಲ್ಲಿ ಹಾಲು ಬೆರೆಸಿದ ಚಹಾದ ಬಣ್ಣದ ಜಿಡ್ಡು ದಟ್ಟವಾಗಿ ಕಟ್ಟಿದ್ದರೆ ಎಣ್ಣೆಯಲ್ಲಿ ನೀರು ಬೆರೆತಿದೆ. ಆ ಗಾಡಿಯನ್ನು ಮುಂದೆ ಪರೀಕ್ಷಿಸುವ ಅಗತ್ಯವಿಲ್ಲ.

ನೀರು ಮತ್ತು ಉಷ್ಣ

ಇಂಧನದಿಂದ ಹೊರಬಿದ್ದ ಶಕ್ತಿಯಲ್ಲಿ ಚಕ್ರಗಳನ್ನು ತಲುಪುವುದು ಸಣ್ಣ ಪಾಲು; ಉಳಿದುದು ಉಷ್ಣವಾಗಿ ಹೊರಹೋಗಬೇಕು. ರೇಡಿಯೇಟರಿನ ಮುಚ್ಚಳವು ನೀರನ್ನು ಸುಮಾರು ಎರಡು ವಾಯುಭಾರಗಳ ಒತ್ತಡದಲ್ಲಿ ಹಿಡಿದಿಡುತ್ತದೆ. ಆ ಒತ್ತಡದಲ್ಲಿ ಶುದ್ಧನೀರು ಕುದಿಯುವುದು ಸುಮಾರು 120 ಡಿಗ್ರಿ ಸೆಲ್ಸಿಯಸಿನಲ್ಲಿ. ಬಿಸಿಯಾಗಿರುವಾಗ ಮುಚ್ಚಳವನ್ನು ತೆರೆದರೆ ಒತ್ತಡವು ಇಳಿದು ನೀರು ತಟಕ್ಕನೆ ಆವಿಯಾಗಿ ಮುಖಕ್ಕೆ ಚಿಮ್ಮುತ್ತದೆ. ಆದಕಾರಣ ಈ ಪರೀಕ್ಷೆಯನ್ನೂ ತಣ್ಣಗಿರುವಾಗಲೇ ಮಾಡಬೇಕು.

ಮುಚ್ಚಳದೊಳಗೆ ಬಣ್ಣದ ಕೂಲಂಟ್ ಕಂಡರೆ ಒಳ್ಳೆಯದು. ತುಕ್ಕಿನ ಕೆಂಪುನೀರು ಕಂಡರೆ ಹಿಂದಿನವರು ಕೊಳವೆಬಾವಿಯ ನೀರನ್ನೇ ತುಂಬಿಸುತ್ತ ಬಂದಿರಬಹುದು. ಗಡಸು ನೀರಿನಿಂದ ಮನೆಯ ಹಂಡೆಯೊಳಗೆ ಕಟ್ಟುವ ಸುಣ್ಣದ ಹೆಕ್ಕಳವು ರೇಡಿಯೇಟರಿನೊಳಗೂ ಕಟ್ಟುತ್ತದೆ. ಅಲ್ಯೂಮಿನಿಯಮಿಗೆ ಹೋಲಿಸಿದರೆ ಈ ಹೆಕ್ಕಳದ ಉಷ್ಣವಾಹಕತೆ ಸುಮಾರು ನೂರರಲ್ಲಿ ಒಂದು ಪಾಲು. ಆದುದರಿಂದ ಕೂದಲೆಳೆಯಷ್ಟು ತೆಳುವಾದ ಪದರವೂ ಗಣನೀಯವಾದ ತಡೆಯಾಗುತ್ತದೆ. ಎಂಜಿನ್ನು ಒಮ್ಮೆ ಮಿತಿಮೀರಿ ಕಾದಿತೆಂದರೆ ಅದರ ಹೆಡ್ಡು ಬಾಗುವ ಅಪಾಯವುಂಟು. ಅದರ ದುರಸ್ತಿಗೆ ಹಳೆಯ ಗಾಡಿಯ ಬೆಲೆಯ ದೊಡ್ಡ ಪಾಲೇ ಖರ್ಚಾಗಬಹುದು.

ವಿದ್ಯುತ್ತು ನುಡಿಯುವ ಸಾಕ್ಷ್ಯ

ವಿದ್ಯುತ್ ಸಾಮಗ್ರಿಗಳ ಅಂಗಡಿಯಲ್ಲಿ ಅಗ್ಗವಾಗಿ ದೊರೆಯುವ ಮಲ್ಟಿಮೀಟರೊಂದು ಜೊತೆಯಲ್ಲಿದ್ದರೆ ಲೇಸು. ನಿಂತ ಗಾಡಿಯ ಬ್ಯಾಟರಿ ಪೂರ್ಣವಾಗಿ ತುಂಬಿದ್ದರೆ ಸುಮಾರು 12.6 ವೋಲ್ಟ್ ತೋರಿಸುತ್ತದೆ, 12.2 ಎಂದರೆ ಅರ್ಧ ಬರಿದಾಗಿದೆ. ಸೆಲ್ಫ್ ಹೊಡೆಯುವಾಗ ಅದು 9.6ಕ್ಕಿಂತ ಕೆಳಗಿಳಿಯಬಾರದು. ಎಂಜಿನ್ನು ಓಡುವಾಗ 13.5ರಿಂದ 14.5ರ ನಡುವೆ ಇದ್ದರೆ ಆಲ್ಟರ್ನೇಟರು ತನ್ನ ಕೆಲಸವನ್ನು ಮಾಡುತ್ತಿದೆ.

2013ರ ಏಪ್ರಿಲ್ ತಿಂಗಳ ಬಳಿಕ ತಯಾರಾದ ಕಾರುಗಳಲ್ಲಿ ಹೊಗೆ ಹಾಗೂ ಉರಿತಗಳ ದೋಷಗಳನ್ನು ಗಣಕವೇ ಗುರುತಿಸಿ ಸಂಕೇತದ ರೂಪದಲ್ಲಿ ದಾಖಲಿಸುತ್ತದೆ. ಪಿ 0300 ಎಂದರೆ ಸಿಲಿಂಡರುಗಳಲ್ಲಿ ಉರಿತ ತಪ್ಪುತ್ತಿದೆ. ಪಿ 0171 ಎಂದರೆ ಇಂಧನಕ್ಕಿಂತ ಗಾಳಿ ಹೆಚ್ಚಾಗಿದೆ. ಗ್ಯಾರೇಜಿನವರ ಬಳಿ ಇರುವ ಸ್ಕ್ಯಾನರು ಇವನ್ನು ಓದುತ್ತದೆ. ಮಾರುವ ಮುನ್ನ ಈ ಸಂಕೇತಗಳನ್ನು ಅಳಿಸುವುದು ಕಷ್ಟವಲ್ಲ. ಆದರೆ ಅಳಿಸಿದಾಗ ಗಣಕದ ಸ್ವಯಂಪರೀಕ್ಷೆಗಳ ಫಲಿತಾಂಶಗಳೂ ಅಳಿದುಹೋಗಿ, ಪರೀಕ್ಷೆಗಳು ಪೂರ್ಣಗೊಂಡಿಲ್ಲವೆಂದು ತೋರಿಸುತ್ತವೆ. ಗಾಡಿಯು ವಿವಿಧ ರೀತಿಗಳಲ್ಲಿ ಓಡಿದ ಮೇಲೆಯೇ ಅವು ಪುನಃ ಪೂರ್ಣಗೊಳ್ಳುವುದು. ಆದುದರಿಂದ ‘ದೋಷವಿಲ್ಲ’ ಎಂಬ ಉತ್ತರದ ಜೊತೆಗೆ ‘ಪರೀಕ್ಷೆ ಪೂರ್ಣಗೊಂಡಿಲ್ಲ’ ಎಂಬ ಉತ್ತರವೂ ಬಂದರೆ, ಇತ್ತೀಚೆಗೆ ದಾಖಲೆ ಅಳಿಸಲಾಗಿದೆಯೇ ಅಥವಾ ಬ್ಯಾಟರಿ ತೆಗೆಯಲಾಗಿದೆಯೇ ಎಂದು ಕೇಳಬೇಕು.

ಎರೆಭೂಮಿಯ ರಸ್ತೆ

ಇಷ್ಟಾದ ಮೇಲೆ ಗಾಡಿಯನ್ನು ರಸ್ತೆಗಿಳಿಸಬೇಕು. ಈ ಪರೀಕ್ಷೆಗೆ ಎರೆಭೂಮಿಯ ರಸ್ತೆಗಿಂತ ಉತ್ತಮವಾದ ಪ್ರಯೋಗಶಾಲೆ ಬೇಕಿಲ್ಲ. ಎರೆಮಣ್ಣಿನ ಜೇಡಿಯು ನೀರು ಕುಡಿದು ಉಬ್ಬುತ್ತದೆ, ಬೇಸಗೆಯಲ್ಲಿ ಒಣಗಿ ಬಿರುಕು ಬಿಡುತ್ತದೆ. ವರ್ಷವರ್ಷವೂ ನಡೆಯುವ ಈ ಉಸಿರಾಟದಿಂದ ಮೇಲಿನ ಡಾಂಬರು ಅಲೆಯಲೆಯಾಗುತ್ತದೆ. ಅಂಥ ರಸ್ತೆಯಲ್ಲಿ ಕಿಟಕಿಗಳನ್ನು ಇಳಿಸಿ, ಹಾಡನ್ನು ನಿಲ್ಲಿಸಿ, ಗಂಟೆಗೆ 20 ಕಿಲೋಮೀಟರಿನಂತೆ ಓಡಿಸಿದರೆ ಸವೆದ ಬುಷ್ಷುಗಳೂ ಬಾಲ್ ಜಾಯಿಂಟುಗಳೂ ಟಕ್ ಟಕ್ ಎಂದು ತಾವಾಗಿಯೇ ಮಾತನಾಡುತ್ತವೆ. ಸ್ಟೀರಿಂಗನ್ನು ಪೂರ್ತಿಯಾಗಿ ತಿರುಗಿಸಿ ಸುತ್ತು ಹಾಕಿದಾಗ ಲಯಬದ್ಧವಾಗಿ ಕಟಕಟ ಎಂದರೆ ಮುಂಚಕ್ರದ ಆಕ್ಸಲಿನ ಕೀಲು ಸವೆದಿದೆ. ವೇಗದೊಡನೆ ಏರುವ ಗುಂಯ್‌ಗುಡುವ ನಾದವು ತಿರುವಿನಲ್ಲಿ ಬದಲಾದರೆ ಚಕ್ರದ ಬೇರಿಂಗನ್ನು ಶಂಕಿಸಬೇಕು. ಬಲಕ್ಕೆ ತಿರುಗುವಾಗ ಭಾರವು ಎಡಚಕ್ರಗಳ ಮೇಲೆ ಬೀಳುವುದರಿಂದ, ಆಗ ನಾದವು ಹೆಚ್ಚಿದರೆ ದೋಷವು ಎಡಗಡೆಯದು.

ಚುರುಕು ಕಾರುಗಳ ಮಾಲೀಕರಲ್ಲಿ ಕೆಲವರು ಸ್ಪ್ರಿಂಗುಗಳನ್ನು ಕತ್ತರಿಸಿ ಗಾಡಿಯನ್ನು ತಗ್ಗಿಸುತ್ತಾರೆ. ಗುರುತ್ವಕೇಂದ್ರವು ಕೆಳಗಿಳಿಯುವುದೇನೋ ನಿಜ. ಆದರೆ ಚಕ್ರವು ಮೇಲೆ ಕೆಳಗೆ ಆಡುವ ಅವಕಾಶವೂ ಕುಗ್ಗುತ್ತದೆ. ಆಗ ಗುಂಡಿಯ ಆಘಾತವು ನೇರವಾಗಿ ಒಡಲಿಗೆ ತಾಗುತ್ತದೆ. ಹೀಗೆ ಬದಲಾಯಿಸಿದ ಗಾಡಿಗೆ ಹೆಚ್ಚಿನ ಬೆಲೆ ಕೇಳಿದರೆ ಕೊಡಬೇಕಾಗಿಲ್ಲ. ಕಡಿಮೆ ಬೆಲೆಯನ್ನೇ ಕಟ್ಟಬೇಕು.

ಕ್ಲಚ್ಚನ್ನು ಪರೀಕ್ಷಿಸಲು ಏರುರಸ್ತೆಯಲ್ಲಿ, ನಾಲ್ಕನೆಯ ಗೇರಿನಲ್ಲಿ, ಆಕ್ಸಿಲರೇಟರನ್ನು ಒಮ್ಮೆಗೇ ಒತ್ತಬೇಕು. ಗಾಡಿಯ ವೇಗವು ಏರದೆ ಎಂಜಿನ್ನಿನ ಸುತ್ತುಗಳು ಮಾತ್ರ ಏರಿದರೆ, ಪ್ಲೇಟಿನ ಘರ್ಷಣೆಯು ಎಂಜಿನ್ನಿನ ತಿರುಚುಬಲವನ್ನು ಹೊರಲಾರದೆ ಜಾರುತ್ತಿದೆ. ಜಾರಿದಷ್ಟೂ ಕಾವು, ಕಾದಷ್ಟೂ ಜಾರಿಕೆ.

ಅಂಗೈಯಗಲದ ಆಧಾರ

ಟೈರಿನ ವಿಷಯದಲ್ಲಿ ಸಣ್ಣದೊಂದು ಲೆಕ್ಕವನ್ನು ಓದುಗರು ಮಾಡಿನೋಡಬೇಕು. ಒಂದು ಟನ್ ತೂಕದ ಕಾರಿನ ಪ್ರತಿ ಚಕ್ರದ ಮೇಲೆ ಸುಮಾರು 2,500 ನ್ಯೂಟನ್ ಭಾರ ಬೀಳುತ್ತದೆ. ಟೈರಿನ ಗಾಳಿಯ ಒತ್ತಡ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 20 ನ್ಯೂಟನ್. ಭಾಗಿಸಿದರೆ ರಸ್ತೆಯನ್ನು ಮುಟ್ಟುವ ಭಾಗ ಸುಮಾರು 125 ಚದರ ಸೆಂಟಿಮೀಟರು, ಅಂದರೆ ಒಂದು ಅಂಗೈಯಗಲ. ಇಡೀ ಕುಟುಂಬದ ಪ್ರಾಣವು ಇಂಥ ನಾಲ್ಕು ಅಂಗೈಗಳನ್ನು ನೆಚ್ಚಿಕೊಂಡಿರುತ್ತದೆ.

ಗಂಟೆಗೆ 80 ಕಿಲೋಮೀಟರಿನ ವೇಗದಲ್ಲಿ, ಘರ್ಷಣಾಂಕ 0.7 ಇರುವ ಒಣರಸ್ತೆಯಲ್ಲಿ, ಬ್ರೇಕು ಹಿಡಿದ ಬಳಿಕ ಗಾಡಿಯು ನಿಲ್ಲಲು ಸುಮಾರು 36 ಮೀಟರು ಬೇಕು. ಸವೆದ ಟೈರು ಹಾಗೂ ಒದ್ದೆ ರಸ್ತೆಯಿಂದ ಘರ್ಷಣಾಂಕವು 0.4ಕ್ಕೆ ಇಳಿದರೆ ಈ ದೂರ 63 ಮೀಟರಾಗುತ್ತದೆ. ಚಾಲಕನು ಎಚ್ಚೆತ್ತು ಬ್ರೇಕನ್ನು ತುಳಿಯುವ ಒಂದು ಸೆಕೆಂಡಿನಲ್ಲಿ ಕ್ರಮಿಸುವ 22 ಮೀಟರುಗಳನ್ನು ಇದಕ್ಕೆ ಕೂಡಿಸಬೇಕು. ಹಾವೇರಿ, ಶಿಗ್ಗಾಂವಿಗಳ ಬಳಿ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಮಳೆಗಾಲದ ಸಂಜೆ ಮುಂದಿನ ಲಾರಿ ಹಠಾತ್ತನೆ ನಿಂತರೆ, ಈ 27 ಮೀಟರುಗಳ ಅಂತರವೇ ಬದುಕು ಸಾವುಗಳ ಅಂತರವಾಗಬಹುದು.

ಟೈರಿನ ಪಕ್ಕೆಯ ಮೇಲೆ ತಯಾರಿಕೆಯ ವಾರ ಮತ್ತು ವರ್ಷವನ್ನು ಸೂಚಿಸುವ ನಾಲ್ಕು ಅಂಕೆಗಳಿರುತ್ತವೆ: 2319 ಎಂದರೆ 2019ರ 23ನೆಯ ವಾರ. ಗೀರುಗಳ ಆಳ 1.6 ಮಿಲಿಮೀಟರಿಗೆ ಇಳಿದರೆ ಟೈರನ್ನು ಬದಲಾಯಿಸಬೇಕು. ಒಂದೇ ಅಂಚು ಸವೆದಿದ್ದರೆ ಚಕ್ರದ ಕೋನ ತಪ್ಪಿದೆ. ಅಲೈನ್‌ಮೆಂಟಿನಿಂದ ಸರಿಹೋಗಬಹುದು, ಅಪಘಾತದಲ್ಲಿ ಚಾಸಿಯೇ ಬಾಗಿದ್ದರೆ ಹೋಗಲಾರದು. ಹತ್ತು ಕಿಲೋಮೀಟರು ಓಡಿಸಿ ನಿಲ್ಲಿಸಿ, ಮುಂಚಕ್ರಗಳೆರಡರ ಬಳಿ ಮುಟ್ಟದೆ ಕೈಯನ್ನು ಹಿಡಿದು ನೋಡಬೇಕು. ಒಂದು ಇನ್ನೊಂದಕ್ಕಿಂತ ಬಹಳ ಬಿಸಿಯಾಗಿದ್ದರೆ ಅಲ್ಲಿ ಬ್ರೇಕು ಬಿಡದೆ ಅಂಟಿಕೊಂಡಿದೆ.

ಬಣ್ಣದ ಕೆಳಗೆ

ತೆಳುಬಟ್ಟೆಯಲ್ಲಿ ಸುತ್ತಿದ ಸಣ್ಣ ಅಯಸ್ಕಾಂತವನ್ನು ಬಾಗಿಲುಗಳ ಮೇಲೂ ಚಕ್ರದ ಮೇಲ್ಭಾಗದ ತಗಡಿನ ಮೇಲೂ ಸರಿಸಿದರೆ ಟಿಂಕರಿಂಗ್ ಆದ ಜಾಗವು ಪತ್ತೆಯಾಗುತ್ತದೆ. ಅಯಸ್ಕಾಂತದ ಸೆಳೆತವು ದೂರದೊಡನೆ ಬಹಳ ಬೇಗ ಕುಗ್ಗುತ್ತದೆ. ಬಣ್ಣದ ಕೆಳಗೆ ಒಂದೆರಡು ಮಿಲಿಮೀಟರು ಪುಟ್ಟಿ ತುಂಬಿದ್ದರೂ ಅದು ಹಿಡಿಯದೆ ಜಾರುತ್ತದೆ. ಬಂಪರುಗಳು ಪ್ಲಾಸ್ಟಿಕ್ಕಿನವಾದುದರಿಂದ ಅಲ್ಲಿ ಈ ಪರೀಕ್ಷೆ ಸಲ್ಲದು.

ನೆರೆಯಲ್ಲಿ ಮುಳುಗಿದ ಗಾಡಿಗಳ ಬಗೆಗೂ ಎಚ್ಚರ ಬೇಕು. 2015ರ ಡಿಸೆಂಬರಿನಲ್ಲಿ ಚೆನ್ನೈಯಲ್ಲಿಯೂ 2019ರ ಆಗಸ್ಟಿನಲ್ಲಿ ವರದಾ ನದಿಯ ದಂಡೆಯೂ ಸೇರಿದಂತೆ ಉತ್ತರ ಕರ್ನಾಟಕದ ಹಲವೆಡೆಯೂ ನೆರೆ ಬಂದುದು ಓದುಗರಿಗೆ ನೆನಪಿರಬಹುದು. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದರೆ ಸುರುಳಿಯೊಳಗಿನ ಭಾಗದಲ್ಲಿ ರಾಡಿಯ ಕಲೆ ಕಾಣಬಹುದು. ಡಿಕ್ಕಿಯಲ್ಲಿ ಸ್ಟೆಪ್ನಿಯಡಿಯ ಗುಳಿಯಲ್ಲಿ ಹೂಳೂ ತುಕ್ಕೂ ಉಳಿದಿರಬಹುದು. ಇಂಥ ಗಾಡಿಯ ತಂತಿಗಳ ಕೂಡುಗಳಲ್ಲಿ ತಾಮ್ರವು ನಿಧಾನವಾಗಿ ಕಿಲುಬುಗಟ್ಟುತ್ತ, ವರ್ಷಗಳ ಬಳಿಕವೂ ಹೊಸಹೊಸ ದೋಷಗಳನ್ನು ಹುಟ್ಟಿಸುತ್ತದೆ.

ಕೊಂಡ ಬಳಿಕ ದೋಷವನ್ನು ಹುಡುಕುವ ಬಗೆ

ಎಷ್ಟೇ ಪರೀಕ್ಷಿಸಿ ಕೊಂಡರೂ ಹಳೆಯ ಗಾಡಿ ಒಂದಲ್ಲ ಒಂದು ದಿನ ತೊಂದರೆ ಕೊಡುತ್ತದೆ. ಆಗ ಪ್ರಯೋಗಶಾಲೆಯ ನಿಯಮವನ್ನೇ ಪಾಲಿಸಬೇಕು: ಒಂದು ಸಲಕ್ಕೆ ಒಂದನ್ನೇ ಬದಲಾಯಿಸುವುದು, ಅಗ್ಗದ ಕಾರಣವನ್ನು ಮೊದಲು ನೋಡುವುದು. ನಾಲ್ಕು ಭಾಗಗಳನ್ನು ಒಮ್ಮೆಗೇ ಬದಲಾಯಿಸಿದರೆ ಗಾಡಿ ಸರಿಹೋಗಬಹುದು. ಆದರೆ ಅವುಗಳಲ್ಲಿ ಮೂರಕ್ಕೆ ಕೊಟ್ಟ ಹಣ ವ್ಯರ್ಥವಾಗಿರಬಹುದು.

ಒಂದು ಉದಾಹರಣೆ ನೋಡೋಣ. ನಿಂತಲ್ಲಿ ಎಂಜಿನ್ನು ನಡುಗುತ್ತದೆ; ಸ್ಕ್ಯಾನರು ಒಂದನೆಯ ಸಿಲಿಂಡರಿನ ಉರಿತ ತಪ್ಪಿದೆಯೆಂದು ಪಿ 0301 ಸಂಕೇತವನ್ನು ತೋರಿಸುತ್ತದೆ. ಪ್ರತಿ ಸಿಲಿಂಡರಿಗೂ ಬೇರೆ ಬೇರೆ ಇಗ್ನಿಷನ್ ಕಾಯಿಲ್ ಇರುವ ಎಂಜಿನ್ನಾದರೆ, ಒಂದನೆಯದನ್ನೂ ಎರಡನೆಯದನ್ನೂ ಅದಲುಬದಲು ಮಾಡಿ ಓಡಿಸಬೇಕು. ದೋಷವು ಪಿ 0302 ಆಗಿ ಎರಡನೆಯ ಸಿಲಿಂಡರಿಗೆ ಹೋದರೆ ಕಾಯಿಲ್ ಕೆಟ್ಟಿದೆ. ಒಂದನೆಯದರಲ್ಲಿಯೇ ಉಳಿದರೆ ಅನಂತರ ಸ್ಪಾರ್ಕ್ ಪ್ಲಗ್ಗನ್ನೂ, ಬಳಿಕ ಇಂಜೆಕ್ಟರನ್ನೂ, ಕೊನೆಗೆ ಸಿಲಿಂಡರಿನ ಸಂಪೀಡನವನ್ನೂ ನೋಡಬೇಕು. ಒಂದು ರೂಪಾಯಿಯ ಖರ್ಚೂ ಇಲ್ಲದೆ ಮೊದಲ ಪ್ರಶ್ನೆಗೆ ಉತ್ತರ ದೊರೆಯಿತು.

ಎರಡು ಮೂರು ದಿನ ನಿಂತ ಗಾಡಿಯ ಬ್ಯಾಟರಿ ಬರಿದಾಗುವುದು ಇನ್ನೊಂದು ತೊಂದರೆ. 35 ಆಂಪಿಯರ್-ಗಂಟೆಯ ಬ್ಯಾಟರಿಯಿಂದ, ಹಿಂದಿನ ಮಾಲೀಕನು ಕೂಡಿಸಿದ ಸಂಗೀತಯಂತ್ರವೋ ಅಲಂಕಾರದ ದೀಪವೋ ಸದಾ ಅರ್ಧ ಆಂಪಿಯರ್ ಹೀರುತ್ತಿದ್ದರೆ, 70 ಗಂಟೆಗಳಲ್ಲಿ ಅದು ಬರಿದಾಗುತ್ತದೆ. ಹೊಸ ಬ್ಯಾಟರಿ ಹಾಕಿದರೂ ಅದಕ್ಕೂ ಇದೇ ಗತಿ. ಬದಲಾಗಿ, ಗಾಡಿಯನ್ನು ಬೀಗ ಹಾಕಿ ನಿಲ್ಲಿಸಿ ಸ್ವಲ್ಪ ಹೊತ್ತು ಕಳೆದ ಮೇಲೆ ಮಲ್ಟಿಮೀಟರನ್ನು ಬ್ಯಾಟರಿಯ ಸಾಲಿನಲ್ಲಿ ಜೋಡಿಸಿ, ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು ನೋಡಬೇಕು; ಯಾವುದನ್ನು ಕಿತ್ತಾಗ ವಿದ್ಯುತ್ಪ್ರವಾಹವು ಇಳಿಯುವುದೋ ಕಳ್ಳನು ಆ ಮಂಡಲದಲ್ಲಿದ್ದಾನೆ. ಮೀಟರು ಹೀಗೆ ಜೋಡಿಸಿರುವಾಗ ಸೆಲ್ಫ್ ಹೊಡೆಯಬಾರದು. ಆ ಪ್ರವಾಹವನ್ನು ಮೀಟರು ತಡೆಯಲಾರದು.

ಕಾಗದಪತ್ರಗಳು

ಯಂತ್ರವು ಸರಿಯಿದ್ದು ಕಾಗದಗಳು ಸರಿಯಿಲ್ಲದಿದ್ದರೆ ಪ್ರಯೋಜನವಿಲ್ಲ. ಆರ್.ಸಿ.ಯಲ್ಲಿರುವ ಚಾಸಿ ಹಾಗೂ ಎಂಜಿನ್ನಿನ ಸಂಖ್ಯೆಗಳನ್ನು ಗಾಡಿಯ ಮೇಲೆ ಕೊರೆದಿರುವ ಸಂಖ್ಯೆಗಳೊಡನೆ ತಾಳೆ ನೋಡಬೇಕು. ಮಾಲೀಕತ್ವದ ವರ್ಗಾವಣೆಗೆ ನಮೂನೆ 29 ಮತ್ತು 30. ಸಾಲದ ಮೇಲೆ ಕೊಂಡ ಗಾಡಿಯಾಗಿದ್ದರೆ ಸಾಲ ತೀರಿದುದಕ್ಕೆ ನಮೂನೆ 35. ಹೊರರಾಜ್ಯದ ಗಾಡಿಯಾದರೆ ನಿರಾಕ್ಷೇಪಣಾ ಪತ್ರ ಹಾಗೂ ಕರ್ನಾಟಕದ ತೆರಿಗೆ. ಖಾಸಗಿ ಕಾರಿನ ನೋಂದಣಿಯು ಹದಿನೈದು ವರ್ಷಗಳಿಗೆ ಮುಗಿಯುತ್ತದೆ. ಅನಂತರ ತಪಾಸಣೆ ಮಾಡಿಸಿ ನವೀಕರಿಸಬೇಕು. ಕೊಂಡವನು ಮೂವತ್ತು ದಿನಗಳೊಳಗೆ ವರ್ಗಾವಣೆಯನ್ನು ಕೋರಬೇಕೆಂದು ಕಾಯಿದೆ ಹೇಳುತ್ತದೆ. ನಮ್ಮ ಜಿಲ್ಲೆಯ ಕೆಎ 27 ಸಂಖ್ಯೆಯ ಗಾಡಿಗಳಿಗೆ ಹಾವೇರಿಯ ಸಾರಿಗೆ ಕಚೇರಿ ಇದೆ. ಮಾರಿದವನಿಗೂ ಇದು ಮುಖ್ಯ. ಹೆಸರು ಬದಲಾಗದ ಗಾಡಿಯು ಅಪಘಾತಕ್ಕೆ ಕಾರಣವಾದರೆ ಪರಿಹಾರದ ಹೊಣೆ ನೋಂದಾಯಿತ ಮಾಲೀಕನದೇ ಎಂದು 2018ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿದೆ.

ಇಲ್ಲಿ ಹೇಳಿದ ಪರೀಕ್ಷೆಗಳಿಗೆ ಬೇಕಾದುದು ಒಂದು ಅಯಸ್ಕಾಂತ, ಒಂದು ಬ್ಯಾಟರಿ ದೀಪ, ಒಂದು ಮಲ್ಟಿಮೀಟರು, ಸ್ಕ್ಯಾನರಿರುವ ಪರಿಚಿತ ಮೆಕ್ಯಾನಿಕ್ ಮತ್ತು ಒಂದು ಬೆಳಗಿನ ಬಿಡುವು. ಕಂಡ ದೋಷಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು, ಪ್ರತಿಯೊಂದರ ದುರಸ್ತಿಗೆ ತಗಲುವ ವೆಚ್ಚವನ್ನು ಮೆಕ್ಯಾನಿಕ್ಕಿನಿಂದ ಕೇಳಿ, ಅದನ್ನು ಬೆಲೆಯಿಂದ ಕಳೆದು ಮಾತಿಗೆ ಕೂರಬೇಕು. ಟೈರು, ಬ್ಯಾಟರಿ, ಕ್ಲಚ್ ಪ್ಲೇಟು ಸವೆದಿರುವುದು ಗಾಡಿಯನ್ನು ಬಿಡಲು ಕಾರಣವಲ್ಲ, ಬೆಲೆಯನ್ನು ಇಳಿಸಲು ಕಾರಣ. ಎಣ್ಣೆಯಲ್ಲಿ ಬೆರೆತ ನೀರು, ಬಾಗಿದ ಚಾಸಿ, ನೆರೆಯ ಹೂಳು, ತಾಳೆಯಾಗದ ಸಂಖ್ಯೆ ಇವುಗಳಲ್ಲಿ ಒಂದು ಕಂಡರೂ ಬೆಲೆ ಎಷ್ಟೇ ಕಡಿಮೆಯಿದ್ದರೂ ಬಿಟ್ಟುಬರಬೇಕು. ತಣ್ಣನೆಯ ಎಂಜಿನ್ನನ್ನು ತೋರಿಸಲು ಒಪ್ಪದ ಮಾರಾಟಗಾರನ ಗಾಡಿಯನ್ನೂ ಇದೇ ಪಟ್ಟಿಗೆ ಸೇರಿಸಬಹುದು.